ಪಟ್ಟಿ ಬರೆಯುವ ಮುನ್ನ ಗಡಿಯ ಲೆಕ್ಕ: ಮಾನವಿಕ ಓದು ಬಯಸುವ ನಮ್ಮ ಮಕ್ಕಳಿಗೆ ಯಾವ ಕಾಲೇಜು?

ಹತ್ತನೆಯ ತರಗತಿಯ ಫಲಿತಾಂಶ ಬಂದ ವಾರದಲ್ಲಿ ಮಡಕಶಿರ, ರಾಯದುರ್ಗ ಸೀಮೆಯ ಕನ್ನಡ ಮಾಧ್ಯಮದ ಮನೆಗಳಲ್ಲಿ ನಡೆಯುವ ಮಾತು ಹೆಚ್ಚುಕಡಿಮೆ ಒಂದೇ. ಅಂಕ ಚೆನ್ನಾಗಿದ್ದರೆ ಎಂಪಿಸಿ, ಇಲ್ಲವೇ ಬೈಪಿಸಿ. ಅಂಕ ಕಡಿಮೆಯಾದರೆ ‘ಏನಾದರೂ ಒಂದು’. ಆ ‘ಏನಾದರೂ ಒಂದು’ ಎಂಬುದರೊಳಗೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಭಾಷೆ, ಸಾಹಿತ್ಯ ಎಲ್ಲವೂ ಸೇರಿಹೋಗಿವೆ. ಒಳ್ಳೆಯ ಅಂಕ ಪಡೆದ ಮಗಳು ತಾನಾಗಿಯೇ ಇತಿಹಾಸ ಓದುತ್ತೇನೆಂದರೆ ಮನೆಯವರಿಗೆ ಸಿಟ್ಟಿಗಿಂತ ಹೆಚ್ಚಾಗಿ ದಿಗಿಲು ಹುಟ್ಟುತ್ತದೆ. ಎಂಜಿನಿಯರಿಂಗಿಗೆ ದಾರಿ ಹೇಳುವವರು ಬೀದಿಗೊಬ್ಬರಿದ್ದಾರೆ. ಇದಕ್ಕೆ ದಾರಿ ಹೇಳುವವರು ಯಾರು?

ಇಂಥದೇ ಪ್ರಶ್ನೆಯನ್ನು ಹಿಡಿದು ಹೇಮಾವತಿಯ ಕಡೆಯ ರೈತರೊಬ್ಬರು ಈಚೆಗೆ ನಮ್ಮ ಬಳಿ ಬಂದಿದ್ದರು. ಮಗಳಿಗೆ ಸಮಾಜ ವಿಜ್ಞಾನದಲ್ಲಿ ಆಸಕ್ತಿ. ಸಿದ್ಧೇಶ್ವರ ಗುಡಿಯ ಆವರಣದ ಶಾಸನದ ಕಲ್ಲುಗಳಲ್ಲಿ ಏನು ಬರೆದಿದೆ ಎಂದು ಶಾಲೆಯ ಮೇಷ್ಟರನ್ನು ಕೇಳಿ, ಅವರಿಗೂ ಓದಲು ಬಾರದೆ, ಆ ಪ್ರಶ್ನೆಯನ್ನು ಹಾಗೆಯೇ ಮನಸ್ಸಿನಲ್ಲಿಟ್ಟುಕೊಂಡ ಹುಡುಗಿ. ಅವಳಿಗಾಗಿ ಐದಾರು ಕಾಲೇಜುಗಳ ಹೆಸರು ಬರೆದುಕೊಡಿ ಎಂಬುದು ಅವರ ಕೋರಿಕೆ. ಹೆಸರು ಬರೆಯುವುದು ಸುಲಭ. ಆದರೆ ಗಡಿಯಲ್ಲಿ ಬದುಕುವ ನಮಗೆ ಕಾಲೇಜಿನ ಪಟ್ಟಿ ಎಂದರೆ ಹೆಸರುಗಳ ಸಾಲು ಮಾತ್ರವಲ್ಲ. ಯಾವ ರಾಜ್ಯದ ಯಾವ ನಿಯಮ ಯಾವ ವಯಸ್ಸಿನಲ್ಲಿ ನಮ್ಮ ಮಕ್ಕಳನ್ನು ‘ಹೊರಗಿನವರು’ ಎನ್ನುತ್ತದೆ ಎಂಬ ಲೆಕ್ಕವೂ ಹೌದು. ಈ ಲೆಕ್ಕ ಆರಂಭವಾಗುವುದು ಇಂಟರ್‌ಮೀಡಿಯೆಟ್ ಮುಗಿದ ಮೇಲಲ್ಲ, ಹತ್ತನೆಯ ತರಗತಿ ಮುಗಿದ ದಿನವೇ. ನಮ್ಮ ಮನೆಗಳು ಎಡವುತ್ತಿರುವುದು ಮುಖ್ಯವಾಗಿ ಇಲ್ಲಿ ಎಂಬುದು ನಮ್ಮ ಅಭಿಪ್ರಾಯ.

ಹೇಮಾವತಿ ಅಂಥ ಪ್ರಶ್ನೆ ಹುಟ್ಟಬೇಕಾದ ಊರೇ. ಶಾಸನಗಳಲ್ಲಿ ಹೆಂಜೇರು ಎಂದು ಕರೆಸಿಕೊಂಡ ಇದು ನೊಳಂಬರ ರಾಜಧಾನಿ, ನೊಳಂಬವಾಡಿ ಮೂವತ್ತೆರಡು ಸಾವಿರದ ನಡುಮನೆ. ಇಲ್ಲಿಯ ಶಿಲ್ಪಗಳು ಚೆನ್ನೈನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿವೆ. ನೊಳಂಬ ಕಂಬಗಳು ಚೋಳರ ಕಾಲದಲ್ಲಿ ಕಾವೇರಿ ತೀರದ ತಿರುವೈಯಾರಿನವರೆಗೂ ಹೋಗಿವೆ. ಮದ್ರಾಸ್ ಪ್ರಾಂತ್ಯದ ಕನ್ನಡ ಶಾಸನಗಳನ್ನು ಒಟ್ಟುಮಾಡಿದ ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ ಒಂಬತ್ತನೆಯ ಸಂಪುಟದ ಮೊದಲ ಭಾಗ 1939ರಲ್ಲೇ ಅಚ್ಚಾಯಿತು. ಅದನ್ನು ಸಂಪಾದಿಸಿದವರು ಆರ್. ಶಾಮಶಾಸ್ತ್ರಿ ಹಾಗೂ ಎನ್. ಲಕ್ಷ್ಮೀನಾರಾಯಣ ರಾವ್. ನೊಳಂಬರ ವಾಸ್ತು ಮತ್ತು ಶಿಲ್ಪದ ಬಗ್ಗೆ ದೊಡ್ಡ ಪುಸ್ತಕ ಬರೆದವರಲ್ಲಿ ಅಮೆರಿಕದ ಆಂಡ್ರ್ಯೂ ಕೋಹೆನ್ ಒಬ್ಬರು. ನಮ್ಮ ಊರಿನ ಕಲ್ಲನ್ನು ಓದಲು ಅಷ್ಟು ದೂರದಿಂದ ಜನ ಬಂದಾಗ, ಊರಿನ ಹುಡುಗಿಯ ಆಸೆಯನ್ನು ‘ಏನಾದರೂ ಒಂದು’ ಎನ್ನುವುದು ಸರಿಯಲ್ಲ.

ಈಗ ಲೆಕ್ಕಕ್ಕೆ ಬರೋಣ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಮಡಕಶಿರ ಅದಾಗಲೇ ಅನಂತಪುರ ಜಿಲ್ಲೆಯಲ್ಲಿತ್ತು. 2022ರ ಏಪ್ರಿಲ್‌ನಲ್ಲಿ ಜಿಲ್ಲೆಗಳ ಮರುವಿಂಗಡಣೆಯಾಗಿ ಮಡಕಶಿರ ಪುಟ್ಟಪರ್ತಿ ಕೇಂದ್ರವಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಅಮರಾಪುರ, ರೊಳ್ಳ, ಅಗಳಿಯವರಿಗೆ ಶಿರಾ ಹತ್ತಿರ, ಅನಂತಪುರ ದೂರ. ಡಿ. ಹಿರೇಹಾಳ್‌ನವರಿಗೆ ಬಳ್ಳಾರಿ ಮಗ್ಗುಲಲ್ಲೇ ಇದೆ. ಆದುದರಿಂದ ಹತ್ತನೆಯದು ಮುಗಿಯುತ್ತಲೇ ಮಕ್ಕಳನ್ನು ಗಡಿಯಾಚೆಯ ಪಿಯು ಕಾಲೇಜಿಗೆ ಸೇರಿಸುವುದು ಅನೇಕರಿಗೆ ಸಹಜವಾಗಿ ಕಾಣುತ್ತದೆ. ಬಸ್ಸು ಇದೆ, ನೆಂಟರ ಮನೆ ಇದೆ, ಕನ್ನಡ ಇದೆ. ಕಲಾ ವಿಭಾಗದಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರಗಳನ್ನು ಕನ್ನಡದಲ್ಲೇ ಓದಬಹುದು.

ಆದರೆ ಆ ಎರಡು ವರ್ಷಕ್ಕೆ ಒಂದು ಬೆಲೆಯಿದೆ. ಅದನ್ನು ಯಾರೂ ಮೊದಲೇ ಹೇಳುವುದಿಲ್ಲ. ಆಂಧ್ರದ ವಿಶ್ವವಿದ್ಯಾಲಯಗಳಲ್ಲಿ ಪ್ರವೇಶ ನಡೆಯುವುದು ಸಂವಿಧಾನದ 371-ಡಿ ವಿಧಿಯ ಅಡಿಯಲ್ಲಿ 1974ರಲ್ಲಿ ಹೊರಟ ರಾಷ್ಟ್ರಪತಿ ಆದೇಶದ ಚೌಕಟ್ಟಿನಲ್ಲಿ. ನೂರಕ್ಕೆ 85 ಸೀಟು ‘ಸ್ಥಳೀಯ’ ಅಭ್ಯರ್ಥಿಗಳಿಗೆ ಮೀಸಲು. ಸ್ಥಳೀಯರೆಂದರೆ ಅರ್ಹತಾ ಪರೀಕ್ಷೆ ಬರೆದ ವರ್ಷಕ್ಕೆ ಕೊನೆಗೊಳ್ಳುವಂತೆ ಸತತ ನಾಲ್ಕು ಶೈಕ್ಷಣಿಕ ವರ್ಷ ಆ ಪ್ರದೇಶದಲ್ಲಿ ಓದಿದವರು. ಪದವಿಗೆ ಅರ್ಹತಾ ಪರೀಕ್ಷೆ ಇಂಟರ್‌ಮೀಡಿಯೆಟ್. ಎಂದರೆ ಒಂಬತ್ತು, ಹತ್ತು ಹಾಗೂ ಇಂಟರ್‌ನ ಎರಡು ವರ್ಷ. ಶಿರಾದಲ್ಲೋ ಬಳ್ಳಾರಿಯಲ್ಲೋ ಪಿಯು ಓದಿದ ಮಗು ಹೇಮಾವತಿಯಲ್ಲಿ ಹುಟ್ಟಿ ಬೆಳೆದಿದ್ದರೂ, ರೇಷನ್ ಕಾರ್ಡು ಅಮರಾಪುರ ಮಂಡಲದ್ದೇ ಆಗಿದ್ದರೂ ಈ ನಾಲ್ಕು ವರ್ಷದ ಲೆಕ್ಕದಲ್ಲಿ ಹೊರಗುಳಿಯುತ್ತದೆ. ತಂದೆತಾಯಿಗಳು ಹತ್ತು ವರ್ಷ ರಾಜ್ಯದಲ್ಲಿ ನೆಲೆಸಿದ್ದಾರೆಂಬ ದಾಖಲೆಯಿದ್ದರೆ ಉಳಿದ 15ರಲ್ಲಿ ಪೈಪೋಟಿ ನಡೆಸಲು ದಾರಿಯಿದೆ, ನಿಜ. ಆದರೆ ಎಂಬತ್ತೈದನ್ನು ಬಿಟ್ಟು ಹದಿನೈದರಲ್ಲಿ ನಿಲ್ಲುವುದು ಬುದ್ಧಿವಂತಿಕೆಯಲ್ಲ. ಪದವಿ ಮುಗಿಸಿ ಬಿ.ಎಡ್.ಗೆ ಬರುವಾಗಲೂ ಸ್ಥಳೀಯತೆಯ ಪ್ರಶ್ನೆ ಮತ್ತೆ ಎದುರಾಗುತ್ತದೆ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು. ಸರ್ಕಾರಿ ಉದ್ಯೋಗದ ಸ್ಥಳೀಯತೆ ಬೇರೆ ಆದೇಶದ್ದು, 1975ರದ್ದು. ಅದು ಮೆಟ್ರಿಕ್ಯುಲೇಷನ್‌ವರೆಗಿನ, ಎಂದರೆ ಹತ್ತನೆಯ ತರಗತಿಯವರೆಗಿನ ಓದನ್ನು ನೋಡುತ್ತದೆ. ‘ಪಿಯು ಅಲ್ಲಿ ಓದಿದರೆ ಡಿಎಸ್‌ಸಿಗೆ ನಾನ್‌ಲೋಕಲ್ ಆಗುತ್ತಾರೆ’ ಎಂದು ಹೆದರಿಸುವವರೂ ಇದ್ದಾರೆ, ‘ಡಿಎಸ್‌ಸಿಗೆ ತೊಂದರೆಯಿಲ್ಲ, ಆದ್ದರಿಂದ ಯಾವುದಕ್ಕೂ ತೊಂದರೆಯಿಲ್ಲ’ ಎನ್ನುವವರೂ ಇದ್ದಾರೆ. ಇಬ್ಬರ ಮಾತೂ ಅರ್ಧ ಸರಿ. ಉದ್ಯೋಗಕ್ಕೆ ಒಂದು ಅಳತೆ, ಪ್ರವೇಶಕ್ಕೆ ಇನ್ನೊಂದು.

ಎರಡನೆಯ ಬೆಲೆ ಹಣದ್ದು. ಆಂಧ್ರ ಸರ್ಕಾರದ ಶುಲ್ಕ ಮರುಪಾವತಿ, ಯಾವ ಸರ್ಕಾರ ಬಂದು ಯಾವ ಹೆಸರಿಟ್ಟರೂ, ಮೂಲತಃ ರಾಜ್ಯದೊಳಗಿನ ಕಾಲೇಜುಗಳಲ್ಲಿ ಓದುವವರಿಗೆ. ಕರ್ನಾಟಕದ ವಿದ್ಯಾರ್ಥಿವೇತನಗಳು ಕರ್ನಾಟಕದ ನಿವಾಸಿಗಳಿಗೆ. ನಮ್ಮ ಮಗು ಗಡಿ ದಾಟಿದರೆ ಅಲ್ಲಿಯದೂ ಇಲ್ಲ, ಇಲ್ಲಿಯದೂ ಇಲ್ಲ.

ಮೂರನೆಯದು ಜಾತಿ ಪ್ರಮಾಣಪತ್ರದ್ದು. ರಾಯದುರ್ಗ ಸೀಮೆಯ ಬೋಯ ಕುಟುಂಬಗಳಿಗೆ ಇದು ಚೆನ್ನಾಗಿ ಗೊತ್ತು. ಆಂಧ್ರದ ಬಯಲು ಜಿಲ್ಲೆಗಳಲ್ಲಿ ಅವರು ಬಿಸಿ-ಎ. ಗಡಿಯಾಚೆ ಬಳ್ಳಾರಿ, ಮೊಳಕಾಲ್ಮೂರುಗಳಲ್ಲಿ ಅವರ ಬೀಗರೇ ಆದ ನಾಯಕ, ವಾಲ್ಮೀಕಿ ಮನೆತನಗಳವರು ಪರಿಶಿಷ್ಟ ಪಂಗಡ. ಕುರುಬರು ಇಲ್ಲಿ ಬಿಸಿ-ಬಿ, ಅಲ್ಲಿ 2ಎ. ಒಂದೇ ಕುಲದೇವರು, ಒಂದೇ ಮದುವೆಯ ಚಪ್ಪರ, ಆದರೆ ಕಚೇರಿಯಲ್ಲಿ ಎರಡು ಪಟ್ಟಿ. ಇಲ್ಲಿಯ ತಹಶೀಲ್ದಾರರ ಪತ್ರ ಹಿಡಿದು ಅಲ್ಲಿಯ ರಾಜ್ಯ ಮೀಸಲಾತಿ ಕೇಳಲು ಬರುವುದಿಲ್ಲ. ಸಾಮಾನ್ಯ ವರ್ಗದಲ್ಲೇ ನಿಲ್ಲಬೇಕು.

‘ಗಡಿನಾಡ ಕನ್ನಡಿಗರಿಗೆ ಕರ್ನಾಟಕದಲ್ಲಿ ರಿಯಾಯಿತಿ ಇದೆಯಲ್ಲ’ ಎಂದು ಓದುಗರು ಕೇಳಬಹುದು. ಇದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಸಿಇಟಿಯಲ್ಲಿ ಹೊರನಾಡು ಹಾಗೂ ಗಡಿನಾಡು ಕನ್ನಡಿಗರ ಅರ್ಹತೆಗೆ ಪ್ರತ್ಯೇಕ ಕಲಮುಗಳಿವೆ. ಆದೋನಿ, ಆಲೂರುಗಳ ಜೊತೆಗೆ ರಾಯದುರ್ಗ, ಮಡಕಶಿರಗಳ ಹೆಸರೂ ಅಲ್ಲಿದೆ. ಅಭ್ಯರ್ಥಿ ಕನ್ನಡ ಭಾಷಾ ಪರೀಕ್ಷೆಯನ್ನೂ ಬರೆಯಬೇಕು. ಆದರೆ ಅದು ವೃತ್ತಿಪರ ಕೋರ್ಸುಗಳ ದಾರಿ. ಬಿ.ಎ. ಓದಬಯಸುವ ಮಗುವಿಗೆ ಅದರಿಂದ ದೊರೆಯುವುದು ಏನೂ ಇಲ್ಲ. ಎಂಜಿನಿಯರ್ ಆಗುವ ಗಡಿನಾಡ ಕನ್ನಡಿಗನನ್ನು ನೆನಪಿಟ್ಟುಕೊಂಡ ರಾಜ್ಯ, ಕನ್ನಡವನ್ನೋ ಇತಿಹಾಸವನ್ನೋ ಓದಬಯಸುವವನನ್ನು ಮರೆತಿದೆ. ಗಡಿ ಪ್ರದೇಶದ ಹೆಸರಿನಲ್ಲಿ ಸಭೆ, ಸಮಾರಂಭಗಳಿಗೆ ಸಿಗುವ ಗಮನದಲ್ಲಿ ಒಂದು ಪಾಲಾದರೂ ಇತ್ತ ಹರಿಯಬೇಕೆಂದು ನಾವು ಹಿಂದೆಯೂ ಬರೆದಿದ್ದೇವೆ.

ಹಾಗಾದರೆ ಇಲ್ಲೇ ಇಂಟರ್ ಓದಬೇಕೆ? ನಮ್ಮ ಉತ್ತರ, ಬಹುಮಟ್ಟಿಗೆ, ಹೌದು. ಗಡಿ ದಾಟುವುದಾದರೆ ಹತ್ತರ ನಂತರಕ್ಕಿಂತ ಹನ್ನೆರಡರ ನಂತರ ದಾಟುವುದು ಮೇಲು. ಇಂಟರ್‌ನಲ್ಲಿ ಎಚ್‌ಇಸಿ, ಅಂದರೆ ಇತಿಹಾಸ, ಅರ್ಥಶಾಸ್ತ್ರ, ಪೌರನೀತಿ ಇರುವ ಗುಂಪು, ಅದಿಲ್ಲದಿದ್ದರೆ ಸಿಇಸಿ. ಹತ್ತಿರದ ಜೂನಿಯರ್ ಕಾಲೇಜಿನಲ್ಲಿ ಈ ಗುಂಪು ಹೆಸರಿಗಷ್ಟೇ ಇದೆಯೋ, ಪಾಠ ನಡೆಯುತ್ತದೆಯೋ ಎಂಬುದನ್ನು ಸೇರುವ ಮುನ್ನ ಅಲ್ಲಿಯೇ ಓದುತ್ತಿರುವ ಮಕ್ಕಳನ್ನು ಕೇಳಿ ತಿಳಿಯಬೇಕು. ಮಂಡಳಿಯ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಉಂಟು. ಆದರೆ ಕನ್ನಡ ಹೇಳಿಕೊಡುವ ಅಧ್ಯಾಪಕರು ಆ ಕಾಲೇಜಿನಲ್ಲಿ ಉಂಟೇ ಎಂಬುದು ಬೇರೆ ಪ್ರಶ್ನೆ. ಅನೇಕ ಮಕ್ಕಳು ಅಂಕ ಸುಲಭವೆಂದು ಸಂಸ್ಕೃತ ಬರೆದು ಕನ್ನಡವನ್ನು ಹತ್ತಕ್ಕೇ ಮುಗಿಸುತ್ತಾರೆ. ಸುತ್ತಮುತ್ತ ಎಲ್ಲಿಯೂ ಎಚ್‌ಇಸಿಯೂ ಇಲ್ಲ, ಸಿಇಸಿಯೂ ಇಲ್ಲ, ಕನ್ನಡವೂ ಇಲ್ಲ ಎಂಬ ಹಳ್ಳಿಯವರು ಶಿರಾಕ್ಕೋ ಬಳ್ಳಾರಿಗೋ ಹೋಗಲಿ, ನಮ್ಮ ತಕರಾರಿಲ್ಲ. ಏನನ್ನು ಬಿಟ್ಟುಕೊಡುತ್ತಿದ್ದೇವೆಂದು ತಿಳಿದು ಹೋಗಲಿ ಎಂಬುದಷ್ಟೇ ನಮ್ಮ ಮಾತು.

ಇನ್ನು ಪದವಿ. ಆಂಧ್ರದ ಪದವಿ ಕಾಲೇಜುಗಳಿಗೆ ಪ್ರವೇಶ ಆನ್‌ಲೈನ್ ಮೂಲಕ. ಮಡಕಶಿರ, ರಾಯದುರ್ಗ, ಹಿಂದೂಪುರಗಳಲ್ಲಿ ಸರ್ಕಾರಿ ಪದವಿ ಕಾಲೇಜುಗಳಿವೆ. ಅನಂತಪುರದ ಸರ್ಕಾರಿ ಕಲಾ ಕಾಲೇಜು 1916ರದ್ದು. ರಾಷ್ಟ್ರಪತಿಯಾಗಿದ್ದ ನೀಲಂ ಸಂಜೀವರೆಡ್ಡಿಯವರು ಓದಿದ್ದು ಅಲ್ಲಿ. ಖರ್ಚು ಕಡಿಮೆ, ಶುಲ್ಕ ಮರುಪಾವತಿ ಉಂಟು, ಪಟ್ಟಿಯ ಕೆಳಸಾಲಿನಲ್ಲಿ ಭದ್ರವಾಗಿ ಇರಬೇಕಾದ ಹೆಸರುಗಳು ಇವು. ಎರಡು ವಿಷಯ ಗಮನದಲ್ಲಿರಲಿ. 2021–22ರಿಂದ ಆಂಧ್ರದಲ್ಲಿ ಪದವಿಯ ಬೋಧನೆ ಇಂಗ್ಲಿಷ್ ಮಾಧ್ಯಮಕ್ಕೆ ಹೊರಳಿದೆ. 2023–24ರಿಂದ ಮೂರು ವಿಷಯಗಳ ಹಳೆಯ ಜೋಡಣೆ ಹೋಗಿ ಒಂದೇ ಮುಖ್ಯ ವಿಷಯದ ಪದ್ಧತಿ ಬಂದಿದೆ. ನಾಲ್ಕನೆಯ ವರ್ಷ ಓದಿದರೆ ಆನರ್ಸ್. ಕರ್ನಾಟಕ 2024–25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆ, ಅಲ್ಲಿ ಬಿ.ಎ. ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಯಾವುದನ್ನು ಓದಬೇಕೆಂದು ಖಚಿತವಾಗಿ ಗೊತ್ತಿರುವ ಮಗುವಿಗೆ ಇಲ್ಲಿಯ ಪದ್ಧತಿ ಒಗ್ಗುತ್ತದೆ. ಇತಿಹಾಸವೋ ಸಮಾಜಶಾಸ್ತ್ರವೋ ಎಂದು ಇನ್ನೂ ತೂಗುತ್ತಿರುವ ಮಗುವಿಗೆ ಆಚೆಯ ಮೂರು ವಿಷಯಗಳ ಬಿ.ಎ. ಹಿತ.

ಗಡಿಯಾಚೆ ಸಮೀಪದ್ದೆಂದರೆ ತುಮಕೂರು ವಿಶ್ವವಿದ್ಯಾಲಯದ ಕಲಾ ಕಾಲೇಜು, ಬಳ್ಳಾರಿಯ ಕಡೆ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ವ್ಯಾಪ್ತಿಯ ಕಾಲೇಜುಗಳು, ತುಸು ದೂರಕ್ಕೆ ಮೈಸೂರಿನ ಮಹಾರಾಜ ಕಾಲೇಜು. ಮಹಾರಾಜ ಕಾಲೇಜಿಗೂ ನಮ್ಮ ಸೀಮೆಗೂ ಹಳೆಯ ನಂಟು. ಅನಂತಪುರ ಜಿಲ್ಲೆಯ ರಾಳ್ಳಪಲ್ಲಿಯಲ್ಲಿ 1893ರಲ್ಲಿ ಹುಟ್ಟಿದ ಅನಂತಕೃಷ್ಣ ಶರ್ಮರು ಅಲ್ಲಿ ದಶಕಗಳ ಕಾಲ ತೆಲುಗು ಕಲಿಸಿದರು. ಕನ್ನಡಿಗರೂ ಅವರನ್ನು ತಮ್ಮ ವಿದ್ವಾಂಸರೆಂದೇ ಎಣಿಸುತ್ತಾರೆ. ಆಗ ಗಡಿ ಇಷ್ಟು ಬಿಗಿಯಾಗಿರಲಿಲ್ಲ, ಪ್ರಮಾಣಪತ್ರಗಳೂ ಇಷ್ಟಿರಲಿಲ್ಲ.

ನಾವು ಪಟ್ಟಿಯ ಮೇಲುಸಾಲಿನಲ್ಲಿ ಇಡುವುದು ಕೇಂದ್ರದ ಸಂಸ್ಥೆಗಳನ್ನು. ಕಾರಣ ಹೆಸರಿನ ಹೊಳಪಲ್ಲ. ಅವುಗಳ ಬಾಗಿಲಲ್ಲಿ ಮೇಲೆ ಹೇಳಿದ ಮೂರು ಅಡ್ಡಿಗಳೂ ಬಹುತೇಕ ಕರಗುತ್ತವೆ. ಸ್ಥಳೀಯ, ಅಸ್ಥಳೀಯ ಎಂಬ ಪ್ರಶ್ನೆ ಸಾಮಾನ್ಯವಾಗಿ ಅಲ್ಲಿಲ್ಲ. ಇಲ್ಲಿಯ ತಹಶೀಲ್ದಾರರು ಕೊಟ್ಟ ಎಸ್‌ಸಿ, ಎಸ್‌ಟಿ ಪತ್ರ ದೇಶದುದ್ದಕ್ಕೂ ನಡೆಯುತ್ತದೆ. ಹಿಂದುಳಿದ ವರ್ಗದವರು ಕೇಂದ್ರದ ಪಟ್ಟಿಗೆ ಅನುಗುಣವಾದ, ಕೇಂದ್ರದ ನಮೂನೆಯ ಓಬಿಸಿ ಪತ್ರವನ್ನು ಬೇರೆಯಾಗಿ ಮಾಡಿಸಬೇಕು. ರಾಜ್ಯದ ಬಿಸಿ ಪತ್ರವನ್ನೇ ಕೊಟ್ಟು ಸೀಟು ಕಳೆದುಕೊಂಡ ಮನೆಗಳನ್ನು ನಾವು ಕಂಡಿದ್ದೇವೆ. ಶುಲ್ಕವೂ ಖಾಸಗಿ ಕಾಲೇಜುಗಳಿಗೆ ಹೋಲಿಸಿದರೆ ಅಲ್ಪ.

ಇವುಗಳ ಪ್ರವೇಶ 2022ರಿಂದ ಸಿಯುಇಟಿ ಎಂಬ ಒಂದೇ ಪರೀಕ್ಷೆಯ ಮೂಲಕ. ಈ ಪರೀಕ್ಷೆಯ ಕುರಿತು ನಮ್ಮ ಶಾಲೆಗಳಲ್ಲಿ ಗೊತ್ತಿರಬೇಕಾದ ಸಂಗತಿ ಒಂದಿದೆ. ಅದು 13 ಭಾಷೆಗಳಲ್ಲಿ ನಡೆಯುತ್ತದೆ. ಕನ್ನಡ ಅದರಲ್ಲಿ ಒಂದು. ಇತಿಹಾಸ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರಗಳ ಪ್ರಶ್ನೆಪತ್ರಿಕೆಯನ್ನು ಕನ್ನಡದಲ್ಲೇ ಪಡೆಯಬಹುದು. ಅಷ್ಟೇ ಅಲ್ಲ, ಭಾಷಾ ಪತ್ರಿಕೆಯಾಗಿ ಕನ್ನಡವನ್ನೇ ಆರಿಸಿಕೊಳ್ಳಬಹುದು. ದೆಹಲಿ ವಿಶ್ವವಿದ್ಯಾಲಯದ ಇತಿಹಾಸ ಆನರ್ಸ್‌ನಂಥ ಕೋರ್ಸುಗಳು ಯಾವುದಾದರೊಂದು ಭಾಷೆ ಮತ್ತು ಮೂರು ವಿಷಯಗಳ ಅಂಕವನ್ನು ಕೇಳುತ್ತವೆ. ಆ ಒಂದು ಭಾಷೆ ಕನ್ನಡವಾಗಿರಬಹುದು. ಕನ್ನಡ ಮಾಧ್ಯಮದಲ್ಲಿ ಹತ್ತು ವರ್ಷ ಓದಿದ್ದು ಅಡಚಣೆಯಾಗದೆ ಅಂಕವಾಗಿ ಬದಲಾಗುವ ಅಪರೂಪದ ಜಾಗ ಇದು. ಆದರೆ ಜಾಗ್ರತೆಯೂ ಬೇಕು: ಅನುವಾದದಲ್ಲಿ ಗೊಂದಲವಿದ್ದರೆ ಇಂಗ್ಲಿಷ್ ಪಾಠವೇ ಅಂತಿಮ ಎಂಬುದು ಪರೀಕ್ಷೆಯ ನಿಯಮ. ವಿಷಯಗಳ ಪ್ರಶ್ನೆಗಳು ಎನ್‌ಸಿಇಆರ್‌ಟಿಯ ಹನ್ನೆರಡನೆಯ ತರಗತಿಯ ಪಠ್ಯವನ್ನು ಆಧರಿಸಿವೆ. ನಮ್ಮ ಇಂಟರ್ ಪುಸ್ತಕವನ್ನೇ ನಂಬಿ ಹೋದರೆ ಸಾಲದು. ಆ ಪುಸ್ತಕಗಳು ಎನ್‌ಸಿಇಆರ್‌ಟಿಯ ಜಾಲತಾಣದಲ್ಲಿ ಉಚಿತವಾಗಿ ದೊರೆಯುತ್ತವೆ, ಇಂಗ್ಲಿಷಿನಲ್ಲಿ. ದೆಹಲಿ ವಿಶ್ವವಿದ್ಯಾಲಯವಂತೂ ಹನ್ನೆರಡರಲ್ಲಿ ಓದಿದ ವಿಷಯಗಳಲ್ಲೇ ಪರೀಕ್ಷೆ ಬರೆದಿರಬೇಕೆನ್ನುತ್ತದೆ; ಎಂಪಿಸಿ ಓದಿ ಕೊನೆಗೆ ಇತಿಹಾಸಕ್ಕೆ ಹೊರಳುತ್ತೇನೆ ಎಂಬ ಲೆಕ್ಕ ಅಲ್ಲಿ ಕೆಡುತ್ತದೆ. ಹತ್ತರ ನಂತರದ ಆಯ್ಕೆಯ ಭಾರ ಇದು.

ಎಲ್ಲಕ್ಕಿಂತ ದುಬಾರಿಯಾದ ತಪ್ಪು ತಾರೀಖಿನದು. ಸಿಯುಇಟಿಗೆ ಅರ್ಜಿ ಕರೆಯುವುದು ಇಂಟರ್ ಫಲಿತಾಂಶಕ್ಕೆ ಮುಂಚೆಯೇ, ವರ್ಷದ ಮೊದಲ ತಿಂಗಳುಗಳಲ್ಲಿ. ‘ಫಲಿತಾಂಶ ಬರಲಿ, ಆಮೇಲೆ ನೋಡೋಣ’ ಎನ್ನುವ ಮನೆಗೆ ಆ ವೇಳೆಗೆ ಬಾಗಿಲು ಮುಚ್ಚಿರುತ್ತದೆ.

ಯಾವ ಯಾವ ಸಂಸ್ಥೆಗಳು? ಅನಂತಪುರದಲ್ಲೇ 2018ರಲ್ಲಿ ಆರಂಭವಾದ ಆಂಧ್ರಪ್ರದೇಶ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ನಮ್ಮ ಜನ ಅದರ ಮುಂದೆಯೇ ಬಸ್ಸಿನಲ್ಲಿ ಹಾದುಹೋಗುತ್ತಾರೆ, ಒಳಗೆ ಏನಿದೆ ಎಂದು ಕೇಳಿದವರು ಕಡಿಮೆ. ಹೈದರಾಬಾದ್ ವಿಶ್ವವಿದ್ಯಾಲಯ 1974ರದ್ದು. ಅಲ್ಲಿ ಹನ್ನೆರಡರ ನಂತರ ನೇರವಾಗಿ ಇತಿಹಾಸ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರಗಳಲ್ಲಿ ಐದು ವರ್ಷದ ಸಂಯುಕ್ತ ಎಂ.ಎ. ಇದೆ. ಕಲಬುರಗಿಯ ಆಳಂದ ತಾಲ್ಲೂಕಿನಲ್ಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ. ದೆಹಲಿಗೆ ಹೋಗುವ ಧೈರ್ಯವಿದ್ದವರಿಗೆ ಹಿಂದೂಪುರ, ಅನಂತಪುರ, ಗುಂತಕಲ್ಲುಗಳನ್ನು ಹಾದು ಕರ್ನಾಟಕ ಎಕ್ಸ್‌ಪ್ರೆಸ್ ಇದೆ. ಆದರೆ ಅಲ್ಲಿ ಕಾಲೇಜಿನ ಶುಲ್ಕಕ್ಕಿಂತ ಊಟ, ವಸತಿಯ ಖರ್ಚು ದೊಡ್ಡದು, ಹಾಸ್ಟೆಲು ಸಿಕ್ಕೇ ಸಿಗುತ್ತದೆಂಬ ಭರವಸೆಯಿಲ್ಲ. ಖಾಸಗಿಯವುಗಳಲ್ಲಿ ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವನ್ನು ಮಾತ್ರ ಹೆಸರಿಸುತ್ತೇವೆ. ಶುಲ್ಕ ನೋಡಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಮನೆಯ ಆದಾಯ ನೋಡಿ ಪೂರ್ಣ ಶುಲ್ಕದವರೆಗೂ ನೆರವು ಕೊಡುವ ಪದ್ಧತಿ ಅಲ್ಲಿದೆ, ಪ್ರವೇಶ ಪರೀಕ್ಷೆ ಬೇರೆ.

ನಮ್ಮ ಸೀಮೆಗೆ ಎಲ್ಲಕ್ಕಿಂತ ಹೊಂದುವ ಹೆಸರೊಂದು ಬೇರೆಯೇ ಇದೆ: ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಪ್ರಾದೇಶಿಕ ಶಿಕ್ಷಣ ಸಂಸ್ಥೆ. 1963ರಲ್ಲಿ ಆರಂಭವಾದ, ಎನ್‌ಸಿಇಆರ್‌ಟಿಗೆ ಸೇರಿದ ಈ ಸಂಸ್ಥೆ ಇರುವುದು ಕರ್ನಾಟಕಕ್ಕೆ ಮಾತ್ರವಲ್ಲ, ಆಂಧ್ರವೂ ಸೇರಿ ದಕ್ಷಿಣದ ಎಲ್ಲ ರಾಜ್ಯಗಳಿಗೆ. ಅಲ್ಲಿ ಬಿ.ಎ. ಮತ್ತು ಬಿ.ಎಡ್. ನಾಲ್ಕೇ ವರ್ಷದಲ್ಲಿ ಒಟ್ಟಿಗೆ ಮುಗಿಯುತ್ತವೆ. ಈ ಸಂಯುಕ್ತ ಕೋರ್ಸಿನ ಪ್ರವೇಶ ಎನ್‌ಸಿಇಟಿ ಎಂಬ ಪರೀಕ್ಷೆಯಿಂದ. ಅದೂ 13 ಭಾಷೆಗಳಲ್ಲಿ, ಕನ್ನಡವೂ ಸೇರಿ. ಸುತ್ತಲೂ ಕನ್ನಡ ಕೇಳುವ ಊರು, ಗಡಿಯ ಲೆಕ್ಕ ಕೇಳದ ಬಾಗಿಲು.

ಮೇಷ್ಟರಾಗುವ ದಾರಿಯನ್ನು ನಾವು ಒತ್ತಿ ಹೇಳುವುದಕ್ಕೆ ಕಾರಣವಿದೆ. ಸಂವಿಧಾನದ 350-ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯ ಶಿಕ್ಷಣದ ಮಾತಾಡುವುದು ಪ್ರಾಥಮಿಕ ಹಂತಕ್ಕೆ ಮಾತ್ರ. ಅದಕ್ಕೂ ಕಲಿಸುವವರು ಬೇಕು. ಆಂಧ್ರದ ಟೆಟ್ ಪರೀಕ್ಷೆಯಲ್ಲಿ ಕನ್ನಡವನ್ನು ಮೊದಲ ಭಾಷೆಯಾಗಿ ಬರೆಯಲು ಅವಕಾಶವಿದೆ, ಡಿಎಸ್‌ಸಿಯಲ್ಲಿ ಕನ್ನಡ ಮಾಧ್ಯಮದ ಹುದ್ದೆಗಳು ಬರುತ್ತವೆ. ಕನ್ನಡ ಮಾಧ್ಯಮದಲ್ಲಿ ಸಮಾಜ ವಿಜ್ಞಾನವನ್ನೂ ಕನ್ನಡವನ್ನೂ ಹೇಳಬಲ್ಲ, ಹತ್ತರವರೆಗೆ ಇದೇ ಜಿಲ್ಲೆಯಲ್ಲಿ ಓದಿದ ಪದವೀಧರರು ಬೇಕೆಂದರೆ ಅವರು ನಮ್ಮ ಮನೆಗಳಿಂದಲೇ ಬರಬೇಕು. ಇಂದು ಚುರುಕಾದ ಮಕ್ಕಳೆಲ್ಲರೂ ಎಂಪಿಸಿಗೆ ಹೋದರೆ ಹತ್ತು ವರ್ಷದ ನಂತರ ಅಮರಾಪುರದ ಶಾಲೆಯಲ್ಲಿ ಇತಿಹಾಸ ಹೇಳುವವರು ಯಾರೆಂಬ ಪ್ರಶ್ನೆಗೆ ಯಾವ ಮನವಿಪತ್ರವೂ ಉತ್ತರ ಕೊಡಲಾರದು. ‘ಶಿಕ್ಷಕರಿಲ್ಲ’ ಎಂದು ಕಾರಣ ಹೇಳಿ ತರಗತಿ ಮುಚ್ಚುವುದು ಅಧಿಕಾರಿಗಳಿಗೆ ಬಹಳ ಸುಲಭ.

ಇಷ್ಟು ಹೇಳಿದ ಮೇಲೆ ಇಂಗ್ಲಿಷಿನ ಮಾತನ್ನು ಮುಚ್ಚಿಡುವುದು ಅಪ್ರಾಮಾಣಿಕವಾದೀತು. ಪರೀಕ್ಷೆ ಕನ್ನಡದಲ್ಲಿ ಬರೆದು ಒಳಗೆ ಹೋದರೂ ಕೇಂದ್ರದ ವಿಶ್ವವಿದ್ಯಾಲಯಗಳ ತರಗತಿ ಇಂಗ್ಲಿಷಿನಲ್ಲೇ. ಮಾನವಿಕ ವಿಷಯಗಳಲ್ಲಿ ಓದುವ ಪುಟಗಳು ಹೆಚ್ಚು, ಬರೆಯುವ ಪುಟಗಳು ಇನ್ನೂ ಹೆಚ್ಚು; ಸೂತ್ರ ಬಾಯಿಪಾಠ ಮಾಡಿ ದಾಟಲಾಗದು. ಮೊದಲ ವರ್ಷ ಕಷ್ಟವಾಗುತ್ತದೆ. ಇಂಟರ್‌ನ ಎರಡು ವರ್ಷದಲ್ಲಿ ದಿನಕ್ಕೆ ಎರಡು ಪುಟ ಎನ್‌ಸಿಇಆರ್‌ಟಿ ಇತಿಹಾಸವನ್ನು ನಿಘಂಟು ಇಟ್ಟುಕೊಂಡು ಓದಿ, ಓದಿದ್ದನ್ನು ಕನ್ನಡದಲ್ಲಿ ಬರೆದಿಡುವ ಮಗು ಆ ಕಷ್ಟವನ್ನು ಅರ್ಧಕ್ಕಿಳಿಸಬಹುದು. ಎರಡೂ ಭಾಷೆ ಉಳಿಯುತ್ತವೆ.

ಹಣದ ಬಗ್ಗೆ ಇನ್ನೊಂದು ಮಾತು. ಗಡಿ ನೋಡದ ವಿದ್ಯಾರ್ಥಿವೇತನ ಒಂದಿದೆ. ಇಂಟರ್‌ನಲ್ಲಿ ತಮ್ಮ ಮಂಡಳಿಯ ಮೇಲಿನ 20 ಪರ್ಸೆಂಟೈಲ್‌ನಲ್ಲಿರುವ, ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷ ಮೀರದ ಮನೆಯ ಮಕ್ಕಳಿಗೆ ಕೇಂದ್ರವು ಪದವಿಯ ಮೂರು ವರ್ಷ, ವರ್ಷಕ್ಕೆ 12,000 ರೂಪಾಯಿ ಕೊಡುತ್ತದೆ. ಅರ್ಜಿ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ. ಇದನ್ನು ವಿಜ್ಞಾನ, ವಾಣಿಜ್ಯ, ಮಾನವಿಕಗಳಿಗೆ 3:2:1ರಂತೆ ಹಂಚುತ್ತಾರೆ. ಮಾನವಿಕಕ್ಕೆ ಪಾಲು ಚಿಕ್ಕದು, ಆದರೆ ಪಾಲು ಪ್ರತ್ಯೇಕ. ಎಚ್‌ಇಸಿಯ ಮಗು ಎಂಪಿಸಿಯ ಮಗುವಿನೊಡನೆ ಅಂಕಕ್ಕೆ ಗುದ್ದಾಡಬೇಕಿಲ್ಲ.

ಹೇಮಾವತಿಯ ಆ ರೈತರಿಗೆ ನಾವು ಬರೆದುಕೊಟ್ಟ ಪಟ್ಟಿ ಚಿಕ್ಕದು. ಮೊದಲ ಸಾಲಿನಲ್ಲಿ ಕಾಲೇಜೇ ಇರಲಿಲ್ಲ: ‘ಇಂಟರ್ ಇಲ್ಲೇ, ಎಚ್‌ಇಸಿ, ಕನ್ನಡ ಬಿಡಬಾರದು’ ಎಂದಿತ್ತು. ಅದರ ಕೆಳಗೆ ಹೈದರಾಬಾದ್ ವಿಶ್ವವಿದ್ಯಾಲಯದ ಇತಿಹಾಸ ಎಂ.ಎ., ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ, ಅನಂತಪುರದ ಕೇಂದ್ರೀಯ ವಿಶ್ವವಿದ್ಯಾಲಯ. ಅದರ ಕೆಳಗೆ ಮಹಾರಾಜ ಕಾಲೇಜು, ತುಮಕೂರು. ಇವೆರಡರ ಪಕ್ಕದಲ್ಲಿ ‘ಖರ್ಚು ಕೈಯಿಂದ’ ಎಂದು ಬರೆದೆವು. ಕೊನೆಗೆ ಅನಂತಪುರದ ಕಲಾ ಕಾಲೇಜು, ಹಿಂದೂಪುರ. ಹಾಳೆಯ ಹಿಂಬದಿಯಲ್ಲಿ ಇನ್ನೂ ಮುಂದಿನದು: ಎಂ.ಎ. ಹೊತ್ತಿಗೆ ಕುಪ್ಪಂನ ದ್ರಾವಿಡ ವಿಶ್ವವಿದ್ಯಾಲಯದ ಕನ್ನಡ ವಿಭಾಗ, ಹಂಪಿಯ ಕನ್ನಡ ವಿಶ್ವವಿದ್ಯಾಲಯ. ಶಾಸನವೇ ಓದಬೇಕೆಂಬ ಹಟ ಉಳಿದಿದ್ದರೆ ಮೈಸೂರಿನಲ್ಲಿರುವ ಪುರಾತತ್ವ ಇಲಾಖೆಯ ಶಾಸನ ವಿಭಾಗದ ಕೇಂದ್ರ ಕಚೇರಿಯನ್ನು ಒಮ್ಮೆ ನೋಡಿ ಬರುವುದು.

ಅವರು ಹಾಳೆಯನ್ನು ಎರಡು ಸಲ ಓದಿಸಿಕೊಂಡರು. ‘ಓಬಿಸಿ ಪತ್ರ ಕೇಂದ್ರದ ನಮೂನೆಯಲ್ಲಿ ಅಂದಿರಲ್ಲ, ಅದನ್ನು ಯಾವಾಗ ಮಾಡಿಸಲಿ?’ ಎಂದು ಕೇಳಿದರು. ಅದರ ಅವಧಿ ಹಣಕಾಸು ವರ್ಷಕ್ಕೆ ಕಟ್ಟುಬಿದ್ದಿರುವುದರಿಂದ ಈಗಲೇ ಬೇಡ, ಇಂಟರ್ ಎರಡನೆಯ ವರ್ಷದಲ್ಲಿ ಸಿಯುಇಟಿ ಪ್ರಕಟಣೆಯನ್ನು ಓದಿ, ಅದು ಕೇಳುವ ತಾರೀಖಿಗೆ ಹೊಂದುವಂತೆ ಮಾಡಿಸಿ ಎಂದೆವು. ಹಾಳೆಯ ಅಂಚಿನಲ್ಲಿ ಅದನ್ನೂ ಬರೆಸಿಕೊಂಡು, ಅಮರಾಪುರದ ಬಸ್ಸಿಗೆ ಹೊತ್ತಾಯಿತೆಂದು ಎದ್ದರು.